ಒಂದೇ ಹಾಡಿಗೆ ಇಬ್ಬರು

ಅಮೆರಿಕದ ಫ್ರೀಮಾಂಟಿನ ಕನ್ನಡದವರ ಮನೆಗಳಲ್ಲಿ ಗೃಹಪ್ರವೇಶವಿರಲಿ, ಸೀಮಂತವಿರಲಿ, ಮೊದಲ ಹಾಡು ವೇದವತಿಯದೇ ಆಗಬೇಕು ಅನ್ನುವುದು ರೂಢಿಯಾಗಿ ಇಪ್ಪತ್ತು ವರ್ಷದ ಹತ್ತಿರವಾಗಿತ್ತು. ಹಾಗಂತ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮದುವೆಯಾಗಿ ಮೈಸೂರಿನ ಸರಸ್ವತೀಪುರಂನಿಂದ ಇಲ್ಲಿಗೆ ಬಂದ ಹೊಸದರಲ್ಲಿ, ಒಂದು ಯುಗಾದಿ ಕಾರ್ಯಕ್ರಮಕ್ಕೆ ಹಾಡಬೇಕಿದ್ದವರು ಜ್ವರ ಬಂದು ಮಲಗಿದ್ದರು. ಬದಲಿಗೆ ಇವಳನ್ನು ಕರೆದರು. ಅವತ್ತು ಹಿಡಿದ ಮೈಕು ಮತ್ತೆ ಕೈಬಿಡಲಿಲ್ಲ.

ವಾರವೆಲ್ಲ ಅವಳು ಹೇವರ್ಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ನೀಲಿ ಕೋಟು, ಗ್ಲೌಸು, ಮಾತಿಲ್ಲದ ಕೆಲಸ. ಅಲ್ಲಿ ಅವಳ ಹೆಸರನ್ನು ಸರಿಯಾಗಿ ಕರೆಯುವವರೂ ಇರಲಿಲ್ಲ, ಎಲ್ಲರಿಗೂ 'ವೀಡಾ'. ಶನಿವಾರ ಸೀರೆ ಉಟ್ಟು ವೇದಿಕೆ ಹತ್ತಿದರೆ ಮಾತ್ರ ಅವಳು ವೇದವತಿ. ಇಂಡಿಯನ್ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಗುರುತಿಲ್ಲದವರು ಬಂದು, "ನೀವು ಅವತ್ತು ಹಾಡಿದ್ರಲ್ಲಾ ಮೇಡಂ, ನಮ್ಮಮ್ಮ ಇನ್ನೂ ಹೇಳ್ತಿರ್ತಾರೆ" ಅನ್ನುತ್ತಿದ್ದರು. ಅವಳು ನಕ್ಕು, ಬದನೆಕಾಯಿ ಕೆಳಗಿಟ್ಟು, ಅವರಮ್ಮನ ಆರೋಗ್ಯ ವಿಚಾರಿಸುತ್ತಿದ್ದಳು. ಆ ಒಂದು ಮಾತಿನಲ್ಲಿ ಮುಂದಿನ ವಾರ ಕಳೆದುಹೋಗುತ್ತಿತ್ತು.

ಗಂಡ ರಘೋತ್ತಮ ಚಿಪ್ ಕಂಪನಿಯೊಂದರಲ್ಲಿ ಇಂಜಿನಿಯರು. ಮಾತು ಕಡಿಮೆ. ಅವಳು ಹಾಡುವಾಗಲೆಲ್ಲ ಎಡಗಡೆ ಕೂತು ಹಾರ್ಮೋನಿಯಂ, ಆಮೇಲಾಮೇಲೆ ಕೀಬೋರ್ಡು ನುಡಿಸಿದವನು ಅವನೇ. ಅವನೇ ರಾಗ ಹಾಕಿದ ಹಾಡುಗಳೂ ಇದ್ದವು. ಆದರೆ ಕಾರ್ಯಕ್ರಮ ಮುಗಿದ ಮೇಲೆ ಜನ ಸುತ್ತುವರಿಯುತ್ತಿದ್ದದ್ದು ಅವಳನ್ನು. ಅವನು ಅಷ್ಟು ಹೊತ್ತಿಗೆ ವೈರು ಸುತ್ತುತ್ತಿರುತ್ತಿದ್ದ.

ಐವತ್ತು ದಾಟುತ್ತಿದ್ದ ಹಾಗೆ ವೇದವತಿಯ ದನಿ ಮೇಲಿನ ಸ್ವರಗಳಲ್ಲಿ ತೆಳುವಾಗತೊಡಗಿತು. ಕೇಳುವವರಿಗೆ ಗೊತ್ತಾಗುವಷ್ಟಲ್ಲ, ಅವಳಿಗೆ ಗೊತ್ತಾಗುವಷ್ಟು. ಒಂದು ಸಂಜೆ ಅಭ್ಯಾಸಕ್ಕೆ ಕೂತಾಗ ರಘೋತ್ತಮ ಏನೂ ಹೇಳದೆ ಶ್ರುತಿಯನ್ನು ಅರ್ಧ ಮನೆ ಇಳಿಸಿದ. ಅವಳೂ ಏನೂ ಕೇಳದೆ ಹಾಡಿದಳು. ಒಂದೆರಡು ವರ್ಷ ಬಿಟ್ಟು ಇನ್ನೂ ಅರ್ಧ ಇಳಿಯಿತು. ಅದರ ಬಗ್ಗೆ ಇಬ್ಬರ ನಡುವೆ ಒಂದು ಮಾತೂ ಬರಲಿಲ್ಲ. ಆ ಮೌನವನ್ನು ಅವಳು ಗಂಡನ ಪ್ರೀತಿ ಅಂತಲೇ ತಿಳಿದಿದ್ದಳು, ಅದು ಪ್ರೀತಿಯೇ ಆಗಿತ್ತು.

ಇಲ್ಲಿಗೆ ಯೋಗಾನಂದನ ವಿಷಯ ಬರುತ್ತದೆ. ಮಂಡ್ಯದವನು, ಡ್ಯಾನ್‌ವಿಲ್‌ನಲ್ಲಿ ಮನೆ ಮಾಡಿಕೊಂಡವನು. ಅಮೆರಿಕಕ್ಕೆ ಬರುವ ಮೊದಲು ಕೆಲವು ವರ್ಷ ಇಟಲಿಯ ಜಿನೋವಾದಲ್ಲಿ ಕೆಲಸದಲ್ಲಿದ್ದ. ಅಲ್ಲಿ ಅವನು ಬಾಡಿಗೆಗಿದ್ದ ಮನೆಯ ಅಜ್ಜಿ ಪ್ರತಿ ಫೆಬ್ರವರಿಯಲ್ಲಿ ಇವನನ್ನು ಸೋಫಾದ ಮೇಲೆ ಕೂರಿಸಿಕೊಂಡು ಸಾನ್ ರೆಮೊ ಹಾಡಿನ ಸ್ಪರ್ಧೆ ತೋರಿಸುತ್ತಿದ್ದಳಂತೆ. ವಾರಪೂರ್ತಿ ರಾತ್ರಿ, ಇಡೀ ದೇಶ ಟೀವಿ ಮುಂದೆ. ಹೆಸರು ಮಾಡಿದವರದು ಒಂದು ಗುಂಪು, ಹೊಸಬರದು ಇನ್ನೊಂದು. ಹಾಡು ಹೊಸದೇ ಆಗಿರಬೇಕು, ಹಳೆಯ ಜನಪ್ರಿಯ ಹಾಡು ಹಾಡಿ ಚಪ್ಪಾಳೆ ತೆಗೆದುಕೊಳ್ಳುವ ಹಾಗಿಲ್ಲ. ಯೋಗಾನಂದನಿಗೆ ಅದರ ಹುಚ್ಚು ಹತ್ತಿಬಿಟ್ಟಿತು. ಇಲ್ಲಿಗೆ ಬಂದ ಮೇಲೂ ಬಿಡಲಿಲ್ಲ. ಅಲ್ಲಿ ರಾತ್ರಿಯಾದರೆ ಇಲ್ಲಿ ಮಧ್ಯಾಹ್ನ. ಕೊನೆಯ ದಿನದ ಸ್ಪರ್ಧೆ ನಡೆಯುವ ಶನಿವಾರ ಎಲ್ಲರನ್ನೂ ಊಟಕ್ಕೆ ಕರೆಯುತ್ತಿದ್ದ. ಬಿಸಿಬೇಳೆ ಬಾತು ತಿನ್ನುತ್ತ, ಒಂದು ಪದವೂ ಅರ್ಥವಾಗದ ಹಾಡುಗಳನ್ನು ಕೇಳಿ, ಇದು ಗೆಲ್ಲುತ್ತೆ, ಅದು ಗೆಲ್ಲುತ್ತೆ ಅಂತ ಎಲ್ಲರೂ ಜಗಳವಾಡುತ್ತಿದ್ದರು.

ಅದೇ ಮಾದರಿಯಲ್ಲಿ ಕನ್ನಡದವರಿಗೂ ಒಂದು ಸ್ಪರ್ಧೆ ಆಗಲಿ ಅಂತ ಯೋಗಾನಂದ 'ಹೊಸ ಹಾಡು' ಶುರುಮಾಡಿದ. ಏಪ್ರಿಲ್‌ನಲ್ಲಿ, ಫ್ರೀಮಾಂಟಿನ ಒಂದು ಶಾಲೆಯ ಸಭಾಂಗಣದಲ್ಲಿ. ಹೆಸರಾದವರಿಗೆ ಒಂದು ಬಹುಮಾನ, ಹೊಸಬರಿಗೆ ಒಂದು. ಹೆಸರಾದವರ ಬಹುಮಾನ ಹೆಚ್ಚುಕಡಿಮೆ ಪ್ರತಿ ವರ್ಷ ವೇದವತಿಗೇ ಬರುತ್ತಿತ್ತು. ಹೊಸಬರ ಹಾಡಿಗೆ ಅವಳು ಮೊದಲ ಸಾಲಿನಲ್ಲಿ ಕೂತು, ದೊಡ್ಡ ಮನಸ್ಸಿನಿಂದ ತಲೆದೂಗುತ್ತಿದ್ದಳು.

ಒಂದು ವರ್ಷ ಫೆಬ್ರವರಿಯಲ್ಲಿ, ಊಟ ಮುಗಿದು ಟೀವಿಯಲ್ಲಿ ಹೊಸ ಹುಡುಗನೊಬ್ಬ ಹಾಡುತ್ತಿದ್ದಾಗ, ಯೋಗಾನಂದ ಎದ್ದುನಿಂತ.

"ಹಿಂದೆ ಸಾನ್ ರೆಮೊದಲ್ಲಿ ಒಂದೇ ಹಾಡನ್ನ ಇಬ್ಬರು ಹಾಡ್ತಿದ್ರಂತೆ," ಅಂದ. "ಬೇರೆಬೇರೆಯಾಗಿ. ಯಾಕಂದ್ರೆ ಸ್ಪರ್ಧೆ ಇರೋದು ಹಾಡಿಗೆ, ಹಾಡೋರಿಗಲ್ಲ. ಈ ಸಲ ನಾವೂ ಹಾಗೇ ಮಾಡೋಣ. ಪ್ರತಿ ಹಾಡನ್ನೂ ಹಳಬರೊಬ್ಬರು, ಹೊಸಬರೊಬ್ಬರು. ಇಬ್ಬರ ಮಾರ್ಕ್ಸೂ ಕೂಡಿಸೋದು. ಬಹುಮಾನ ಹಾಡಿಗೆ, ರಾಗ ಹಾಕಿದೋರಿಗೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ವೇದವತಿಯೂ ತಟ್ಟಿದಳು. ಪಕ್ಕದಲ್ಲಿದ್ದ ರಘೋತ್ತಮನ ಮುಖ ನೋಡಿದಾಗ, ಅಲ್ಲಿ ಅವಳು ಎಂದೂ ಕಾಣದ ಒಂದು ಬಗೆಯ ಉತ್ಸಾಹವಿತ್ತು. ಅದು ಅವಳಿಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು.

ಅವನ ಹಾಡು ಆಗಲೇ ಸಿದ್ಧವಿತ್ತು. ಮಾತೂ ಅವನದೇ, ರಾಗವೂ ಅವನದೇ. ಇಲ್ಲಿ ಬೇಸಿಗೆಯ ಬೆಳಿಗ್ಗೆ ಸಮುದ್ರದ ಕೊಲ್ಲಿಯ ಮೇಲೆ ಕವಿಯುವ ಮಂಜಿನ ಹಾಡು. ಚರಣದ ಕೊನೆ ಹೀಗಿತ್ತು:

ಮಂಜು ಸರಿಯಲಿ ಎಂದು ಕಾಯಲಾರೆನು ನಾನು,
ಮಂಜಿನೊಳಗೇ ನಿಂತು ಕರೆಯುವೆನು.

ಹಳಬರಲ್ಲಿ ಅದನ್ನು ಹಾಡುವವಳು ವೇದವತಿಯೇ. ಹೊಸಬರಲ್ಲಿ ಯಾರು ಅಂತ ಚೀಟಿ ಎತ್ತಿದಾಗ ಅಕ್ಷಯಾ ಅನ್ನುವ ಹೆಸರು ಬಂತು.

ಅಕ್ಷಯಾ ಹಾಸನದ ಕಡೆಯವಳು, ಹೊಳೆನರಸೀಪುರ. ವಯಸ್ಸು ಮೂವತ್ತರೊಳಗೆ. ಗಂಡ ಲೋಹಿತ್‌ನ ಕೆಲಸದಿಂದಾಗಿ ಬಂದವಳು. ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಫ್ರೀಮಾಂಟ್ ರೈಲು ಸ್ಟೇಷನ್ನಿನ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಹಗಲೆಲ್ಲ ಒಬ್ಬಳೇ. ಕಾಲೇಜಿನಲ್ಲಿ ಹಾಡಿಕೊಂಡಿದ್ದವಳು, ಇಲ್ಲಿ ವೇದಿಕೆ ಹತ್ತುವುದು ಇದೇ ಮೊದಲು.

ಮೊದಲ ದಿನ ಬಾಗಿಲಲ್ಲಿ ನಿಂತು, "ನಮಸ್ತೆ ಆಂಟಿ," ಅಂದಳು. ವೇದವತಿಯ ಮುಖದಲ್ಲಿ ಏನು ಕಂಡಿತೋ, ಒಳಗೆ ಕಾಲಿಡುವಷ್ಟರಲ್ಲಿ "ಮೇಡಂ" ಆಯಿತು.

ಗರಾಜನ್ನೇ ಹಾಡಿನ ಕೋಣೆ ಮಾಡಿಕೊಂಡಿದ್ದರು. ಅಡುಗೆಮನೆಯಿಂದ ಒಂದೇ ಬಾಗಿಲು. ರಘೋತ್ತಮ ಅವಳನ್ನು ಕರೆದುಕೊಂಡು ಹೋಗಿ ಕೂತ. ವೇದವತಿ ಹುರುಳಿಕಾಯಿ ಹೆಚ್ಚುತ್ತ ನಿಂತಳು. ಬಾಗಿಲು ಅರ್ಧ ತೆರೆದಿತ್ತು.

"ನಿನ್ನ ಶ್ರುತಿ ಎಷ್ಟಮ್ಮ?"

"ಗೊತ್ತಿಲ್ಲ ಸರ್. ನೀವು ಕೊಟ್ಟದ್ದಕ್ಕೆ ಹಾಡ್ತೀನಿ."

ಅವನು ಒಂದೆರಡು ಕಡೆ ಒತ್ತಿ ನೋಡಿ, ಕೊನೆಗೆ ಒಂದು ಶ್ರುತಿಯಲ್ಲಿ ನಿಂತ. ವೇದವತಿಯ ಕೈಯಲ್ಲಿದ್ದ ಚಾಕುವೂ ನಿಂತಿತು. ಅದು ಅವಳ ಹಳೆಯ ಶ್ರುತಿ. ಮದುವೆಯಾದ ಹೊಸದರಲ್ಲಿ, ಬಾಡಿಗೆ ಮನೆಯ ನೆಲದ ಮೇಲೆ ಕೂತು ಅವರಿಬ್ಬರೂ ಹಾಡಿಕೊಳ್ಳುತ್ತಿದ್ದ ಶ್ರುತಿ. ಈ ಮನೆಯಲ್ಲಿ ಅದು ಎಷ್ಟೋ ವರ್ಷಗಳಿಂದ ಕೇಳಿಸಿರಲಿಲ್ಲ. ಆ ಹುಡುಗಿ ಬಾಯಿ ತೆರೆದಳು. ದನಿ ಯಾವ ಶ್ರಮವೂ ಇಲ್ಲದೆ ಮೇಲಿನ ಷಡ್ಜಕ್ಕೆ ಹೋಗಿ ಕೂತಿತು, ಮನೆಯವರ ಹಾಗೆ.

ತಪ್ಪುಗಳೂ ಇದ್ದವು. ತಾಳ ಒಮ್ಮೊಮ್ಮೆ ಓಡುತ್ತಿತ್ತು, ಕೆಲವು ಅಕ್ಷರಗಳಿಗೆ ಒತ್ತು ಹೆಚ್ಚಾಗುತ್ತಿತ್ತು. ವೇದವತಿ ಆ ತಪ್ಪುಗಳನ್ನೆಲ್ಲ ಒಂದೊಂದಾಗಿ ಹಿಡಿದು ಮನಸ್ಸಿನಲ್ಲಿ ಇಟ್ಟುಕೊಂಡಳು. ಹಾಗೆ ಇಟ್ಟುಕೊಂಡಾಗ ಸ್ವಲ್ಪ ಸಮಾಧಾನವಾಗುತ್ತಿತ್ತು.

ಮೂರನೆಯದೋ ನಾಲ್ಕನೆಯದೋ ಅಭ್ಯಾಸದ ದಿನ ಅದು ನಡೆಯಿತು. ಚರಣದ ಕೊನೆಯ 'ಕರೆಯುವೆನು' ಅನ್ನುವ ಪದವನ್ನು ರಘೋತ್ತಮ ಮೆಲ್ಲಗೆ ಕೆಳಗಿಳಿಸಿ ಮುಗಿಸಿದ್ದ. ಅಕ್ಷಯಾ ಅಲ್ಲಿ ಇಳಿಯುವ ಬದಲು ಮರೆತು ಮೇಲಕ್ಕೆ ಹೋದಳು. ಹೋದವಳು ತಬ್ಬಿಬ್ಬಾಗಿ ಒಂದು ಕ್ಷಣ ಅಲ್ಲೇ ತೂಗಾಡಿ, ಆಮೇಲೆ ಸುತ್ತು ಹಾಕಿಕೊಂಡು ಕೆಳಗೆ ಬಂದಳು. ನಿಜವಾಗಿ ಯಾರೋ ಮಂಜಿನೊಳಗೆ ನಿಂತು ಯಾರನ್ನೋ ಕೂಗಿದ ಹಾಗಿತ್ತು.

"ಸಾರಿ ಸರ್, ತಪ್ಪಾಯ್ತು."

"ತಪ್ಪಲ್ಲ, ಇನ್ನೊಂದು ಸಲ ಹಾಡು," ಅಂದ ರಘೋತ್ತಮ. ಅವನು ಕೂತಲ್ಲಿಂದ ಎದ್ದುಬಿಟ್ಟಿದ್ದ. "ಅದನ್ನೇ ಇಟ್ಕೋ. ಈ ತಿರುವು ನನಗೇ ಹೊಳೆದಿರಲಿಲ್ಲ. ಎಲ್ಲಿತ್ತಮ್ಮ ಇದು?"

ಆ ವಾರ ಡೇವಿಸ್‌ನ ಕಾಲೇಜಿನಿಂದ ಮನೆಗೆ ಬಂದಿದ್ದ ಮಗಳು ಮಾನ್ಯಾ ಅಡುಗೆಮನೆಯಲ್ಲಿ ಸೇಬು ಕಚ್ಚುತ್ತ ನಿಂತಿದ್ದಳು. "ವಾವ್ ಅಮ್ಮಾ, ಶೀ ಈಸ್ ರಿಯಲಿ ಗುಡ್," ಅಂದಳು. ವೇದವತಿ, "ಹ್ಞೂಂ," ಅಂದು ಕುಕ್ಕರಿನ ಮುಚ್ಚಳ ಹಾಕಿದಳು.

ಗಂಡ ಆ ಹುಡುಗಿಯ ಮೇಲೆ ಮನಸ್ಸಿಟ್ಟಿದ್ದಾನೆ ಅನ್ನುವಂಥ ಅನುಮಾನ ಅವಳಿಗೆ ಬರಲಿಲ್ಲ. ಬಂದಿದ್ದರೆ ಸುಲಭವಿತ್ತು, ಜಗಳವಾಡಬಹುದಿತ್ತು. ಇದು ಹಾಗಲ್ಲ. ಇಪ್ಪತ್ತು ವರ್ಷ ಅವನು ಕೊಟ್ಟ ಸ್ವರಗಳನ್ನು ಇವಳು ಹಾಡಿದ್ದಳು. ಅವನಿಗೇ ಗೊತ್ತಿಲ್ಲದ ಸ್ವರವೊಂದನ್ನು ಅವನಿಗೆ ಕೊಟ್ಟಿರಲಿಲ್ಲ. ನಿನ್ನೆ ಮೊನ್ನೆ ಬಂದವಳು, ಅದೂ ಮರೆವಿನಿಂದ, ಕೊಟ್ಟುಬಿಟ್ಟಳು. ಇವಳ ಜೊತೆ ಅಭ್ಯಾಸಕ್ಕೆ ಕೂತಾಗ ಅವನು ಆ ತಿರುವಿನ ಮಾತನ್ನೇ ಎತ್ತಲಿಲ್ಲ. ಕೆಳಗಿಳಿಯುವ ಹಳೆಯ ದಾರಿಯಲ್ಲೇ ಕೀಬೋರ್ಡು ನುಡಿಸಿದ. ತನಗೆ ಆಗುವುದಿಲ್ಲ ಅಂತ ಎಣಿಸಿ, ನೋಯಿಸಬಾರದು ಅಂತ ಸುಮ್ಮನಿದ್ದಾನೆ. ಆ ಮೌನ ಈಗ ಅವಳಿಗೆ ಪ್ರೀತಿಯಾಗಿ ಕಾಣಲಿಲ್ಲ. ಮುದುಕರ ಮುಂದೆ ಅವರ ಮುಪ್ಪಿನ ಮಾತೆತ್ತದ ಹಾಗೆ ಕಂಡಿತು.

ಕೆಲಸಕ್ಕೆ ಹೋಗುವ ದಾರಿಯಲ್ಲಿ, ಫ್ರೀವೇ ಮೇಲೆ ಕಾರಿನ ಕಿಟಕಿ ಏರಿಸಿಕೊಂಡು ಅವಳು ಆ ತಿರುವನ್ನು ಹಾಡಿ ನೋಡತೊಡಗಿದಳು. ಮೊದಮೊದಲು ದನಿ ಸೀಳಿತು. ತನ್ನ ಇಳಿದ ಶ್ರುತಿಯಲ್ಲಿ, ಉಸಿರನ್ನು ಮೊದಲೇ ಕಟ್ಟಿಟ್ಟುಕೊಂಡರೆ ಬರುತ್ತದೆ ಅಂತ ದಿನ ಕಳೆದ ಹಾಗೆ ಗೊತ್ತಾಯಿತು. ಯಾಕೆ ಅಭ್ಯಾಸ ಮಾಡುತ್ತಿದ್ದೇನೆ ಅಂತ ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

ಸ್ಪರ್ಧೆಗೆ ಸ್ವಲ್ಪ ದಿನ ಇರುವಾಗ ರಘೋತ್ತಮ ಕೆಲಸದ ಮೇಲೆ ತೈವಾನಿಗೆ ಹೋಗಬೇಕಾಯಿತು. ಸ್ಪರ್ಧೆಯ ಹಿಂದಿನ ಸಂಜೆಯಷ್ಟೇ ವಾಪಸು. ಹೋಗುವಾಗ, "ಅಕ್ಷಯಾಗೆ ಇನ್ನೊಂದೆರಡು ಸಲ ಹಾಡಿಸು ವೇದಾ. ತಾಳ ಒಂದೇ ತೊಂದರೆ. ನೀನಾದ್ರೆ ಚೆನ್ನಾಗಿ ಹೇಳಿಕೊಡ್ತೀಯ," ಅಂದ.

ಅಕ್ಷಯಾ ಡಬ್ಬಿಯಲ್ಲಿ ಚಕ್ಕುಲಿ ಹಿಡಿದುಕೊಂಡು ಬಂದಳು. "ಸರ್ ಇಲ್ದೇ ಇರೋವಾಗ ನಿಮಗೆ ತೊಂದರೆ ಕೊಡ್ತಿದೀನಿ ಮೇಡಂ."

"ಅದಿರ್ಲಿ, ಹಾಡು."

ವೇದವತಿ ಕೈಯಲ್ಲಿ ತಾಳ ಹಾಕುತ್ತ ಕೂತಳು. ಮೊದಲು ನಿಜವಾಗಿಯೂ ಹೇಳಿಕೊಟ್ಟಳು. ಎಲ್ಲಿ ಓಡುತ್ತೀಯ, ಎಲ್ಲಿ ಕಾಯಬೇಕು ಅಂತ ತೋರಿಸಿದಳು. ಅಕ್ಷಯಾ ಚುರುಕಿನ ಹುಡುಗಿ, ಹೇಳಿದ್ದನ್ನು ತಕ್ಷಣ ಹಿಡಿದಳು. ಹಿಡಿದಷ್ಟೂ ಹಾಡು ಚೆಂದವಾಗುತ್ತ ಹೋಯಿತು. ಇವಳು ಗಂಟುಕಟ್ಟಿ ಇಟ್ಟುಕೊಂಡಿದ್ದ ತಪ್ಪುಗಳು ಒಂದೊಂದಾಗಿ ಇಲ್ಲವಾದವು. ಅವನ್ನು ಅಳಿಸುತ್ತಿದ್ದದ್ದು ಇವಳ ಕೈಯೇ. ಚರಣ ಬಂತು, ತಿರುವು ಬಂತು. ವೇದವತಿ ತಾಳ ನಿಲ್ಲಿಸಿದಳು.

"ಅಲ್ಲಿ ಮೇಲಕ್ಕೆ ಹೋಗೋದು ಬೇಡ ಅಕ್ಷಯಾ. ಕೆಳಗಿಳಿಸಿ ಮುಗಿಸು, ಮೊದಲು ಇದ್ದ ಹಾಗೆ."

"ಸರ್ ಇಟ್ಕೋ ಅಂದಿದ್ರು."

"ಆಮೇಲೆ ಯೋಚನೆ ಮಾಡಿದ್ರು. ಸ್ವಲ್ಪ ಸಿನಿಮಾ ಥರ ಆಗುತ್ತೆ, ಜಡ್ಜುಗಳಿಗೆ ಹಿಡಿಸಲ್ಲ ಅಂದ್ರು. ಹೇಳೋಕೆ ಅವರಿಗೆ ಸಂಕೋಚ, ನಿಂಗೆ ಬೇಜಾರಾಗುತ್ತೆ ಅಂತ."

ಅಕ್ಷಯಾ ಹಾಡಿನ ಹಾಳೆಯ ಮೇಲೆ ಗುರುತು ಹಾಕಿಕೊಂಡಳು. "ಹೌದಾ? ನಂಗೆ ಇಡೀ ಹಾಡಲ್ಲಿ ಅದೇ ಇಷ್ಟ ಆಗಿತ್ತು."

"ನಂಗೂ," ಅಂದಳು ವೇದವತಿ. ಆ ಮಾತೊಂದು ನಿಜವಾಗಿತ್ತು.

ಅವಳಿಗೆ ಲೆಕ್ಕ ಗೊತ್ತಿರಲಿಲ್ಲವೆಂದಲ್ಲ. ಇಬ್ಬರ ಮಾರ್ಕ್ಸೂ ಕೂಡುತ್ತದೆ, ಅಕ್ಷಯಾ ಹಾಡಿದ್ದು ಸಪ್ಪೆಯಾದರೆ ತನ್ನ ಗಂಡನ ಹಾಡೇ ಸೋಲುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಹೇಳಿದಳು. ಆ ವಾರವೆಲ್ಲ ಫೋನು ಸದ್ದಾದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದಳು. ಅಕ್ಷಯಾ ಅವನನ್ನೇ ಕೇಳಿರಬಹುದು, ಈಗ ಕೇಳುತ್ತಿರಬಹುದು ಅಂತ. ರಘೋತ್ತಮ ದಿನಾ ಮಾತಾಡಿದ, ಊಟ ಆಯ್ತಾ, ಮಾನ್ಯಾ ಫೋನ್ ಮಾಡಿದ್ಲಾ ಅಂತ. ಅದರ ಸುದ್ದಿ ಬರಲಿಲ್ಲ.

ಸ್ಪರ್ಧೆಯ ದಿನ ಮಧ್ಯಾಹ್ನ ಸಭಾಂಗಣ ತುಂಬಿತ್ತು. ದೂರದ ಮಾರ್ಗನ್ ಹಿಲ್‌ನಿಂದೆಲ್ಲ ಜನ ಬಂದಿದ್ದರು. ಯೋಗಾನಂದ ಸಾನ್ ರೆಮೊದಲ್ಲಿದ್ದಂತೆ ವೇದಿಕೆ ತುಂಬ ಹೂ ಜೋಡಿಸಿದ್ದ. ಈ ಸಲ ಸಂಗೀತಕ್ಕೆ ಬೇರೆ ತಂಡವಿತ್ತು. ರಾಗ ಹಾಕಿದವರು ವಾದ್ಯ ಮುಟ್ಟುವಂತಿಲ್ಲ, ಮೊದಲ ಸಾಲಿನಲ್ಲಿ ಕೂತು ಕೇಳಬೇಕು. ಹಿಂದಿನ ಸಂಜೆ ವಿಮಾನ ಇಳಿದಿದ್ದ ರಘೋತ್ತಮ ನಿದ್ದೆಯಿಲ್ಲದ ಕೆಂಪು ಕಣ್ಣಿನಲ್ಲಿ, ಇಸ್ತ್ರಿ ಮಾಡಿದ ಜುಬ್ಬದಲ್ಲಿ ಅಲ್ಲಿ ಕೂತಿದ್ದ. ವೇದವತಿ ಹಾಡುವಾಗ ಅವನನ್ನು ಎದುರಿನಿಂದ ನೋಡಿದ್ದು ಅದೇ ಮೊದಲು.

ಬಿಡುವಿಗೆ ಮೊದಲು ಹಳಬರು, ಆಮೇಲೆ ಹೊಸಬರು. ವೇದವತಿ ವೇದಿಕೆಗೆ ಹೋದಾಗ, ತಾನೂ ಕೆಳಗಿಳಿಸಿಯೇ ಮುಗಿಸುತ್ತೇನೆ, ಇಬ್ಬರದೂ ಒಂದೇ ಥರ ಆಗುತ್ತದೆ, ಆಗ ಅದು ಮೋಸವಾಗುವುದಿಲ್ಲ ಅಂತ ತನಗೆ ತಾನೇ ಹೇಳಿಕೊಂಡಿದ್ದಳು. ಪಲ್ಲವಿ ಮುಗಿಯಿತು. ಕೊಳಲು ಬಂತು. ಚರಣದ ಹೊತ್ತಿಗೆ ಸಭೆ ಪೂರ್ತಿ ಅವಳ ಕೈಯಲ್ಲಿತ್ತು. 'ಮಂಜಿನೊಳಗೇ ನಿಂತು' ಅನ್ನುವಾಗ ಅವಳ ಉಸಿರು ತಾನಾಗಿ ಕಟ್ಟಿಕೊಂಡಿತು. ಅವಳು ಮೇಲಕ್ಕೆ ಹೋದಳು.

ಅಲ್ಲಿ ದನಿ ತೆಳುವಾಗಿತ್ತು. ಸೀಳಲಿಲ್ಲ, ಸೀಳುವ ಹಾಗಿತ್ತು. ಆ ತೆಳುವಿನಲ್ಲಿ ಕರೆ ಹುಡುಗಿಯ ಕರೆಯಾಗಿ ಉಳಿಯದೆ, ಬಹಳ ಕಾಲದಿಂದ ಕರೆಯುತ್ತಿರುವವಳ ಕರೆಯಾಯಿತು. ಅವಳು ಕಣ್ಣು ತೆರೆದಾಗ ಎದುರಿಗೆ ರಘೋತ್ತಮನಿದ್ದ. ಅವನು ಸಂತೋಷದಿಂದ ಮುಂದಕ್ಕೆ ಬಾಗಿದ್ದ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ವೇದಿಕೆಯ ಪಕ್ಕದ ಪರದೆಯ ಹತ್ತಿರ ಹಸಿರು ಸೀರೆಯ ಅಕ್ಷಯಾ ನಿಂತು ಕೇಳುತ್ತಿದ್ದಳು.

ಬಿಡುವಿನಲ್ಲಿ ಕಾಫಿಯ ಮೇಜಿನ ಸುತ್ತ ಜನ ವೇದವತಿಯನ್ನು ಮುತ್ತಿಕೊಂಡರು. "ಆ ಕೊನೇಲಿ ಮೇಲೆ ಹೋದ್ರಲ್ಲಾ ಮೇಡಂ, ಅದು ನಿಮಗೆ ಮಾತ್ರ ಹೊಳೆಯೋದು," ಅಂದರು ನಂಜುಂಡಸ್ವಾಮಿ. ಅವರೂ ಒಂದು ಹಾಡಿಗೆ ರಾಗ ಹಾಕಿದ್ದವರು, ವಯಸ್ಸಾದವರು, ಸುಳ್ಳು ಹೊಗಳುವವರಲ್ಲ. ವೇದವತಿ, ಇಲ್ಲ, ಅದು ನನ್ನದಲ್ಲ ಅನ್ನಬೇಕೆಂದು ಬಾಯಿ ತೆರೆದಳು. "ಥ್ಯಾಂಕ್ಸ್," ಅಂದಳು. ಎರಡು ಹೆಜ್ಜೆ ಆಚೆ ಅಕ್ಷಯಾ ಕಾಗದದ ಲೋಟದಲ್ಲಿ ನೀರು ಹಿಡಿದು ನಿಂತಿದ್ದಳು. ಕಣ್ಣಿಗೆ ಕಣ್ಣು ಸೇರಿತು. ಮೊದಲು ಕಣ್ಣು ತೆಗೆದವಳು ವೇದವತಿ.

ಬಿಡುವಿನ ನಂತರ ಅಕ್ಷಯಾ ಹಾಡಿದಳು. ಶುರು ಚೆನ್ನಾಗಿತ್ತು. ತಾಳ ಎಲ್ಲಿಯೂ ತಪ್ಪಲಿಲ್ಲ, ವೇದವತಿ ಹೇಳಿಕೊಟ್ಟಂತೆಯೇ ನಿಂತು ನಿಂತು ಹಾಡಿದಳು. ಚರಣದ ಕೊನೆಗೆ ಬಂದಾಗ ಅವಳ ದನಿ ಮೇಲಕ್ಕೆ ಹೊರಟಿತು. ಹೊರಟು, ಬೇಡ ಅಂದಿದ್ದಾರೆ ಅನ್ನುವುದು ನೆನಪಾದಂತೆ ನಡುವೆಯೇ ನಿಂತುಬಿಟ್ಟಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಸ್ವರ ಜಾರಿತು, ಪದ ಅರ್ಧಕ್ಕೆ ಉಳಿಯಿತು. ತಂಡದವರು ಒಂದು ಸುತ್ತು ಹೆಚ್ಚು ನುಡಿಸಿ ಅವಳನ್ನು ಕಾಪಾಡಿದರು. ಹೇಗೋ ಮುಗಿಸಿ, ಕೈಮುಗಿದು ಇಳಿದಳು. ಜನ ಪ್ರೀತಿಯಿಂದಲೇ ಚಪ್ಪಾಳೆ ತಟ್ಟಿದರು, ಮಕ್ಕಳಿಗೆ ತಟ್ಟುವ ಹಾಗೆ.

ರಘೋತ್ತಮ ಹಿಂದಕ್ಕೆ ಒರಗಿ ಕೂತ. ಆಮೇಲೆ ತಿರುಗಿ ಹೆಂಡತಿಯ ಕಡೆ ನೋಡಿದ. ಅವಳು ಕಾರ್ಯಕ್ರಮದ ಹಾಳೆಯನ್ನು ಓದುತ್ತಿರುವವಳಂತೆ ತಲೆ ತಗ್ಗಿಸಿದ್ದಳು.

ಬಹುಮಾನ ನಂಜುಂಡಸ್ವಾಮಿಯವರ ಹಾಡಿಗೆ ಹೋಯಿತು. ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವನ ತಮಾಷೆಯ ಹಾಡು ಅದು. ಸಭೆ ಪೂರ್ತಿ ಜೊತೆಗೆ ಹಾಡಿತ್ತು. ರಘೋತ್ತಮನ ಹಾಡು ಎರಡನೆಯದು. ಯೋಗಾನಂದ ಅವನ ಭುಜ ತಟ್ಟಿ, "ಬಹಳ ಹತ್ತಿರ ಇತ್ತು ಕಣಯ್ಯಾ. ಹೊಸ ಹುಡುಗಿ ಅಲ್ಲೊಂದು ಚೂರು ಎಡವಿದಳು, ಅಷ್ಟೇ," ಅಂದ. ರಘೋತ್ತಮ ನಕ್ಕ. ವೇದವತಿಗೆ ಆ ನಗು ನೋಡಲಾಗಲಿಲ್ಲ.

ಕಾರಿನಲ್ಲಿ ಅವನು ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಕೂತಾಗ ಅವಳೇ ಹೇಳಿದಳು. ಸುತ್ತಿ ಬಳಸಿ ಹೇಳಲಿಲ್ಲ. "ಆ ತಿರುವು ಬೇಡ ಅಂತ ಅವಳಿಗೆ ನಾನೇ ಹೇಳ್ದೆ. ನೀವು ಬೇಡ ಅಂದಿದೀರ ಅಂತ ಹೇಳ್ದೆ."

"ನಿನ್ನೆ ಅವಳು ಎಡವಿದಾಗಲೇ ಗೊತ್ತಾಯ್ತು," ಅಂದ ರಘೋತ್ತಮ. "ಅವಳು ತೈವಾನಿಗೇ ಮೆಸೇಜ್ ಮಾಡಿದ್ಲು. ಮೇಡಂ ಬದಲಾಯಿಸೋಕೆ ಹೇಳಿದಾರೆ, ಹಾಗೇ ಮಾಡ್ಲಾ ಅಂತ. ನಾನು ಮೀಟಿಂಗಲ್ಲಿದ್ದೆ. ಏನು ಬದಲಾವಣೆ ಅಂತಾನೂ ಕೇಳಲಿಲ್ಲ. ವೇದಾ ಹೇಳಿದ್ರೆ ಸರಿಯಾಗೇ ಇರುತ್ತೆ, ಹಾಗೇ ಹಾಡು ಅಂತ ಬರೆದುಬಿಟ್ಟೆ."

ವೇದವತಿ ತಟ್ಟೆ ಪಕ್ಕಕ್ಕೆ ಸರಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

"ನಿಮಗೆ ಸಿಟ್ಟು ಬರಲ್ವಾ?" ಅಂದಳು ಕೊನೆಗೆ.

"ಬಂದಿದೆ." ಅವನು ಚಮಚ ಕೆಳಗಿಟ್ಟ. "ಬಹುಮಾನ ಬೇಕಿತ್ತು ವೇದಾ. ನಂಗೆ ಅಂತ ಒಂದು ಸಲ ಬೇಕಿತ್ತು. ಇಪ್ಪತ್ತು ವರ್ಷ ನಿನ್ನ ಪಕ್ಕ ಕೂತು ನುಡಿಸಿದೀನಿ. ಜನ ನಿನ್ನ ಸುತ್ತ ನಿಲ್ಲೋವಾಗ ನಾನು ವೈರು ಸುತ್ತಿದೀನಿ. ನಂಗೆ ಒಂದು ದಿನವೂ ಹೊಟ್ಟೆ ಉರಿದಿಲ್ಲ ಅಂದ್ಕೊಂಡಿದ್ಯಾ?"

ಅವಳು ಹಾಗೇ ಅಂದುಕೊಂಡಿದ್ದಳು. ಅವನ ಮೌನದಲ್ಲಿ ಅಂಥದ್ದೊಂದು ಇರಬಹುದು ಅಂತ ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

"ಯಾಕೆ ಹೇಳಲಿಲ್ಲ?"

"ನೀನು ಹಾಡೋದು ಚೆನ್ನಾಗಿತ್ತಲ್ಲ, ಏನಂತ ಹೇಳ್ಲಿ?" ಅಂದ. ಕುರ್ಚಿಯಿಂದ ಎದ್ದು, "ನಿನ್ನೆಯೂ ಚೆನ್ನಾಗಿತ್ತು. ಅದು ನಿನಗೆ ಆಗಲ್ಲ ಅಂತ ನಾನು ತಿಳ್ಕೊಂಡಿದ್ದು ನನ್ನ ತಪ್ಪು. ನಿನ್ನನ್ನ ಒಂದು ಮಾತು ಕೇಳಬೇಕಿತ್ತು," ಅಂದ. ತಟ್ಟೆ ತೊಳೆದಿಟ್ಟು, ಹಿತ್ತಲಿಗೆ ಹೋಗಿ ನಿಂಬೆಗಿಡಕ್ಕೆ ನೀರು ಬಿಡುತ್ತ ಬಹಳ ಹೊತ್ತು ನಿಂತ.

ಆ ಮಧ್ಯಾಹ್ನ ವೇದವತಿ ಅಕ್ಷಯಾಳ ಅಪಾರ್ಟ್‌ಮೆಂಟಿಗೆ ಹೋದಳು. ಬಾಗಿಲು ತೆರೆದ ಲೋಹಿತ್ ಗೌರವದಿಂದಲೇ ಒಳಗೆ ಕರೆದು, ತಾನು ಒಗೆಯುವ ಬಟ್ಟೆಯ ಬುಟ್ಟಿ ಹಿಡಿದುಕೊಂಡು ಕೆಳಗೆ ಹೋದ. ಅಕ್ಷಯಾ ಸೋಫಾದ ತುದಿಯಲ್ಲಿ ಕೂತಳು. ಕಾಫಿ ಬೇಕಾ ಅಂತ ಕೇಳಲಿಲ್ಲ.

"ನಾನು ನಿಂಗೆ ಸುಳ್ಳು ಹೇಳ್ದೆ," ಅಂದಳು ವೇದವತಿ. "ಸರ್ ಹಾಗೆ ಅಂದಿರಲಿಲ್ಲ."

"ನೀವು ಹಾಡ್ತಿದ್ದಾಗಲೇ ಗೊತ್ತಾಯ್ತು ಮೇಡಂ."

"ನಿನ್ನೆಯೇ ಎಲ್ಲರ ಮುಂದೆ ಕೇಳಬಹುದಿತ್ತು."

"ಏನಂತ ಕೇಳ್ಲಿ?" ಅಕ್ಷಯಾಳ ಕಣ್ಣು ತುಂಬಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು. "ಅದು ನಂದು, ನೀವು ತಗೊಂಡ್ರಿ. ಆದ್ರೆ ನನಗಿಂತ ಚೆನ್ನಾಗಿ ಹಾಡಿದ್ರಿ. ನಾನು ಹಾಡಿದ್ರೆ ಅದು ಬರೀ ಸ್ವರ. ನೀವು ಹಾಡಿದಾಗ ನಂಗೆ ನಮ್ಮಮ್ಮ ಕರೆದ ಹಾಗಾಯ್ತು. ಪರದೆ ಹತ್ತಿರ ನಿಂತು ಎಷ್ಟು ಹೊಟ್ಟೆ ಉರೀತು ಗೊತ್ತಾ ನಂಗೆ? ಸುಳ್ಳು ಹೇಳಿದ್ದಕ್ಕಿಂತ ಅದೇ ಹೆಚ್ಚು. ಅದರಲ್ಲೇ ವೇದಿಕೆಗೆ ಹೋದೆ, ಎಡವಿದೆ."

ವೇದವತಿ ಅವಳ ಕೈ ಹಿಡಿಯಲು ಹೋದಳು. ಅಕ್ಷಯಾ ಮೆಲ್ಲನೆ ಕೈ ಹಿಂದಕ್ಕೆಳೆದುಕೊಂಡಳು.

"ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ಆದ್ರೆ ಸ್ವಲ್ಪ ದಿನ ನಂಗೆ ನಿಮ್ಮನೆಗೆ ಬರೋಕಾಗಲ್ಲ ಮೇಡಂ. ಬೇಜಾರು ಮಾಡ್ಕೋಬೇಡಿ."

ಸಂಜೆ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಇನ್ನೂ ವೇದವತಿಯ ತಿರುವಿನ ಹೊಗಳಿಕೆಯೇ ನಡೆದಿತ್ತು. ಅವಳು ಬರೆದಳು: ಆ ತಿರುವು ನನ್ನದಲ್ಲ, ಅಕ್ಷಯಾಳದು. ಅವಳಿಗೆ ಅದನ್ನು ಬಿಡುವಂತೆ ಹೇಳಿ ನಾನು ಹಾಡಿದೆ. ಅವಳು ಎಡವಿದ್ದು ನನ್ನಿಂದ. ಬಹಳ ಹೊತ್ತಿನ ಮೇಲೆ ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು, ಇನ್ನೊಬ್ಬರು ಯಾವುದೋ ಬಾಡಿಗೆ ಮನೆ ಖಾಲಿಯಿದೆ ಅಂತ ಹಾಕಿದರು. ಮುಂದೆ ಕೆಲವು ಮನೆಗಳವರು ಅವಳನ್ನು ಹಾಡಲು ಕರೆಯುವುದನ್ನು ಬಿಟ್ಟರು. ಕೆಲವರು ಬಿಡಲಿಲ್ಲ.

ಆ ವರ್ಷ ಕಳೆಯುವುದರೊಳಗೆ ಲೋಹಿತ್‌ಗೆ ಟೆಕ್ಸಾಸಿನಲ್ಲಿ ಕೆಲಸವಾಗಿ ಅಕ್ಷಯಾ ಹೊರಟುಹೋದಳು. ಹೋಗುವ ಮೊದಲು ರಘೋತ್ತಮನಿಗೆ ಫೋನ್ ಮಾಡಿ ಹೇಳಿದಳು, ವೇದವತಿಗೆ ಮಾಡಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ರಘೋತ್ತಮನ ಹೊಸ ಹಾಡನ್ನು ಬೇರೆ ಇಬ್ಬರು ಹಾಡಿದರು. ಹಾಡುವವರ ಪಟ್ಟಿಗೆ ವೇದವತಿ ಹೆಸರು ಕೊಡಲಿಲ್ಲ. ಅಭ್ಯಾಸದ ದಿನಗಳಲ್ಲಿ ಗರಾಜಿನಲ್ಲಿ ಗಂಡನ ಪಕ್ಕ ಕೂತು ಕೀಬೋರ್ಡಿನ ಮೇಲೆ ಶ್ರುತಿ ಹಿಡಿದಳು. ಹಾಡುವವರು ಒಳ್ಳೆಯ ಸ್ವರ ಹಿಡಿದಾಗ ಅವಳ ಒಳಗೆ ಸಣ್ಣಗೆ ಚುಚ್ಚುತ್ತಿತ್ತು. ಚುಚ್ಚಿತು ಅಂತ ಆಮೇಲೆ ಗಂಡನಿಗೆ ಹೇಳುತ್ತಿದ್ದಳು. "ನಂಗೂ," ಅನ್ನುತ್ತಿದ್ದ ಅವನು ಕೆಲವೊಮ್ಮೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಇಲ್ಲದಿದ್ದ ಒಂದು ಮಾತುಕತೆ ಅವರ ನಡುವೆ ಹಾಗೆ ಶುರುವಾಗಿತ್ತು.

ಆ ಹಾಡು ಗೆದ್ದಿತು. ಹೆಸರು ಕರೆದಾಗ ರಘೋತ್ತಮ ವೇದಿಕೆಗೆ ಹೋದ, ಏನು ಮಾತಾಡಬೇಕೆಂದು ತಿಳಿಯದೆ ಎರಡು ಸಲ ಥ್ಯಾಂಕ್ಸ್ ಹೇಳಿದ. ಮುಗಿದ ಮೇಲೆ ಜನ ಅವನನ್ನು ಸುತ್ತುವರಿದು ನಿಂತರು. ವೇದವತಿ ದೂರದಲ್ಲಿ, ಅವನ ಕೋಟು ಕೈಮೇಲೆ ಹಾಕಿಕೊಂಡು ಕಾದಳು. ಅಷ್ಟು ಹೊತ್ತು ನಿಂತು ಕಾಯುವುದು ಹೇಗಿರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಯಾರೋ ಗುರುತಿಲ್ಲದ ಹೆಂಗಸು ಬಂದು, "ನೀವು ರಘೋತ್ತಮ್ ಅವರ ಮಿಸೆಸ್ಸಾ?" ಅಂತ ಕೇಳಿದಳು.

"ಹೌದು," ಅಂದಳು ವೇದವತಿ.